ಮಾದಕಗಳ ತಾರತಮ್ಯ: 1893ನೆಯ ಇಸವಿಯ ಒಂದು ವಿಚಾರಣೆ

ಮಾದಕವಸ್ತುಗಳಲ್ಲಿ ಯಾವುದು ಹೆಚ್ಚು ಕೆಟ್ಟದೆಂದು ಕೇಳಿದರೆ ಪ್ರತಿಯೊಬ್ಬರಲ್ಲಿಯೂ ಸಿದ್ಧವಾದ ಉತ್ತರವೊಂದಿರುವುದು. ಅದು ಬಹುಮಟ್ಟಿಗೆ ರೂಢಿಯಿಂದ ಬಂದುದೇ ಹೊರತು ಪರೀಕ್ಷೆಯಿಂದ ಬಂದುದಲ್ಲ. ಈ ರೂಢಿಯನ್ನು ಪರೀಕ್ಷೆಗೆ ಒಡ್ಡಿದ ದೊಡ್ಡ ಪ್ರಯತ್ನವೊಂದು ನಮ್ಮ ದೇಶದಲ್ಲಿಯೇ ನಡೆಯಿತೆಂಬುದನ್ನು ವಾಚಕರು ಅರಿಯುವುದು ಯುಕ್ತವಾಗಿದೆ.

ಹಿಂದೂಸ್ಥಾನದ ಹುಚ್ಚರ ಆಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿಹೋಗಿವೆಯೆಂಬ ಮಾತು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹಬ್ಬಿದ್ದಿತು. 1893ರಲ್ಲಿ ಅಲ್ಲಿಯ ಪಾರ್ಲಿಮೆಂಟಿನಲ್ಲಿ ಈ ವಿಷಯವಾಗಿ ಪ್ರಶ್ನೆ ಎದ್ದಿತು. ಅದೇ ವರ್ಷ ಭಾರತ ಸರ್ಕಾರವು ಮ್ಯಾಕ್‌ವರ್ಥ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಏಳು ಮಂದಿಯ ಮಂಡಲಿಯೊಂದನ್ನು ನೇಮಿಸಿತು. ಅವರಲ್ಲಿ ಮೂವರು ಭಾರತೀಯರು. ಅರೆದು ಕುಡಿಯುವ ಭಂಗಿಸೊಪ್ಪು, ಸೇದುವ ಗಾಂಜಾ, ಗಿಡದ ಅಂಟಿನಿಂದಾಗುವ ಚರಸು, ಈ ಮೂರರ ಗುಣದೋಷಗಳನ್ನು ಕುರಿತು ಮಂಡಲಿಯು 1,193 ಸಾಕ್ಷಿಗಳ ಹೇಳಿಕೆಗಳನ್ನು ಪಡೆಯಿತು.

ಎಲ್ಲಕ್ಕಿಂತ ಮುಖ್ಯವಾದುದು ಆಸ್ಪತ್ರೆಗಳ ದಫ್ತರಗಳ ಶೋಧನೆ. 1892ರಲ್ಲಿ ಸೇರಿದವರ ಪೈಕಿ 222 ಮಂದಿಯ ಉನ್ಮಾದಕ್ಕೆ ಈ ಮಾದಕಗಳೇ ಕಾರಣವೆಂದು ಬರೆದಿದ್ದಿತು. ಒಬ್ಬೊಬ್ಬರ ಪೂರ್ವವೃತ್ತಾಂತವನ್ನು ವಿಚಾರಿಸಲಾಗಿ ಆ ಸಂಖ್ಯೆಯು 98ಕ್ಕೆ ಇಳಿಯಿತು. ಇವರಲ್ಲಿಯೂ ಕೆಲವರಿಗೆ ಬೇರೆ ಕಾರಣಗಳು ಕೂಡಿದ್ದುವು. ರೋಗಿಯನ್ನು ಕರೆತಂದ ಪೋಲೀಸಿನವರು ಕಾರಣದ ಅಂಕಣವನ್ನು ತುಂಬಬೇಕಾಗಿದ್ದಿತು; ಗಾಂಜಾದ ಅಭ್ಯಾಸವಿತ್ತೆಂದು ಕೇಳಿದೊಡನೆ ಅದನ್ನೇ ಬರೆಯುತ್ತಿದ್ದರು.

ಮಿತವಾದ ಸೇವನೆಯಿಂದ ಸಾಮಾನ್ಯವಾಗಿ ಹಾನಿಯಿಲ್ಲ, ಅತಿಯಾದರೆ ಹಾನಿಯುಂಟು, ಪೂರ್ಣ ನಿಷೇಧ ಬೇಡ, ನಿಷೇಧಿಸಿದರೆ ಜನರು ಇನ್ನೂ ಕೆಟ್ಟ ವಸ್ತುಗಳಿಗೆ ತಿರುಗಬಹುದು ಎಂದು 1894ರ ವರದಿಯು ಹೇಳಿತು. ಗಾಂಜಾದಿಂದ ಸರ್ಕಾರಕ್ಕೆ ಅಬಕಾರಿ ಹುಟ್ಟುವಳಿ ಬರುತ್ತಿದ್ದುದರಿಂದ ಈ ತೀರ್ಪನ್ನು ಎಚ್ಚರದಿಂದ ಓದಬೇಕು. ಆದರೆ ಆ ದಫ್ತರಗಳಲ್ಲಿ ಕಂಡ ದೋಷವು ಇದರಿಂದ ಸುಳ್ಳಾಗಲಾರದು.

2010ರಲ್ಲಿ ಇಂಗ್ಲೆಂಡಿನ ಡೇವಿಡ್ ನಟ್ ಮತ್ತು ಸಂಗಡಿಗರು ಇಪ್ಪತ್ತು ಮಾದಕಗಳನ್ನು ಹದಿನಾರು ಮಾನದಂಡಗಳಿಂದ ತೂಗಿದರು. ಸೇವಿಸುವವನಿಗೆ ಆಗುವ ಕೇಡಿನೊಡನೆ ಪರರಿಗೆ ಆಗುವ ಕೇಡನ್ನೂ ಎಣಿಸಿದರು. ನೂರರಲ್ಲಿ ಮದ್ಯಕ್ಕೆ 72, ಹೆರಾಯಿನ್‌ಗೆ 55, ತಂಬಾಕಿಗೆ 26, ಗಾಂಜಾಕ್ಕೆ 20 ಅಂಕಗಳು ಬಂದುವು. ಇವು ತಜ್ಞರ ಅಭಿಪ್ರಾಯದ ಅಂಕಗಳು. ಬಳಸುವವರ ಸಂಖ್ಯೆಯೂ ಇವುಗಳಲ್ಲಿ ಸೇರಿಕೊಂಡಿದೆ. ಅಂಕ ಕಡಿಮೆಯಾದ ಮಾತ್ರಕ್ಕೆ ವಸ್ತುವು ನಿರ್ದೋಷವಲ್ಲ. ಎಳೆಯ ವಯಸ್ಸಿನಲ್ಲಿ ತೀಕ್ಷ್ಣವಾದ ಗಾಂಜಾವನ್ನು ಪದೇ ಪದೇ ಸೇದಿದರೆ ಚಿತ್ತವಿಕಾರದ ಅಪಾಯವು ಹೆಚ್ಚುವುದೆಂದು ಈಗ ತಿಳಿದಿದೆ.

ನಮ್ಮ 1985ರ ಕಾಯಿದೆಯು ಗಾಂಜಾ ಚರಸುಗಳನ್ನು ತಡೆದು ಭಂಗಿಯ ಎಲೆಯನ್ನು ಹೊರಗಿಟ್ಟಿತು. ಮದ್ಯವು ಆಯಾ ರಾಜ್ಯಗಳ ಅಬಕಾರಿಗೆ ಸೇರಿದೆ. ಕಾಯಿದೆಯ ಈ ವಿಂಗಡಣೆಯನ್ನೇ ಕೇಡಿನ ತಾರತಮ್ಯವೆಂದು ತಿಳಿಯಲಾಗದು. ದಫ್ತರದಲ್ಲಿ ತಪ್ಪು ಕಾರಣವನ್ನು ಬರೆಸಿಕೊಂಡ ರೋಗಿಯ ನಿಜವಾದ ವ್ಯಾಧಿಯನ್ನು ಯಾರೂ ಹುಡುಕುವುದಿಲ್ಲ. ಅಂತೆಯೇ, ಚಿಲುಮೆಯನ್ನು ಕಂಡು ಹೆದರುವ ಮನೆಯು ತನ್ನಲ್ಲಿಯೇ ಇರುವ ಸೀಸೆಯನ್ನು ಮರ್ಯಾದೆಯ ವಸ್ತುವೆಂದೆಣಿಸಿದರೆ, ಅಲ್ಲಿಯ ಕೇಡಿಗೂ ಚಿಕಿತ್ಸೆಯು ತಡವಾಗುವುದು.