ಸಲ್ಲಿನೆನ್, ರೀಕಾ

ಫಿನ್ಲೆಂಡಿನ ಐಸ್ ಹಾಕಿ ಆಟಗಾರ್ತಿ, ಮುನ್ಪಡೆಯವರು. ಹುಟ್ಟಿದ್ದು 1973ರ ಜೂನ್ 12ರಂದು, ಯುವಾಸ್ಕುಲಾ ನಗರದಲ್ಲಿ. ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದವರು. ಆ ಎರಡು ಪದಕಗಳ ನಡುವಿನ ಅಂತರ 20 ವರ್ಷ.

ಇವರ ಆಟದ ಬದುಕನ್ನು ದಾಖಲೆಗಳಿಂದ ಜೋಡಿಸಲು ಹೊರಟವರಿಗೆ ಮೊದಲ ತೊಡಕು ಹೆಸರಿನಲ್ಲೇ ಎದುರಾಗುತ್ತದೆ. 1990ರ ದಶಕದ ಅಂಕಪಟ್ಟಿಗಳಲ್ಲಿ ಇರುವುದು ರೀಕಾ ನಿಯೆಮಿನೆನ್. 2014 ಮತ್ತು 2018ರ ಒಲಿಂಪಿಕ್ಸ್‌ಗಳಲ್ಲಿ ಆಡಿದ್ದು ರೀಕಾ ವಾಲಿಲಾ. 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರೀಕಾ ಸಲ್ಲಿನೆನ್. ಮೂವರೂ ಒಬ್ಬರೇ. ಇದು ಸಾಲದೆಂಬಂತೆ, ಅವರ ಕೊನೆಯ ವರ್ಷಗಳಲ್ಲಿ ಪೆಟ್ರಾ ನಿಯೆಮಿನೆನ್ ಎಂಬ ಇನ್ನೊಬ್ಬ ಮುನ್ಪಡೆ ಆಟಗಾರ್ತಿ ಅದೇ ರಾಷ್ಟ್ರೀಯ ತಂಡಕ್ಕೆ ಬಂದರು. ನಿಯೆಮಿನೆನ್ ಫಿನ್ಲೆಂಡಿನಲ್ಲಿ ತೀರಾ ಸಾಮಾನ್ಯ ಮನೆತನದ ಹೆಸರು. ಹೀಗಾಗಿ ಹೆಸರನ್ನು ಮಾತ್ರ ನೋಡಿ ಅಂಕ ಕೂಡಿಸಿದರೆ ಒಬ್ಬರ ಸಾಧನೆ ಮೂರು ಪಾಲಾಗುತ್ತದೆ, ಇಲ್ಲವೇ ಇನ್ನೊಬ್ಬರದು ಅದಕ್ಕೆ ಸೇರಿಕೊಳ್ಳುತ್ತದೆ.

ಮೊದಲ ಅವಧಿಯ ಬಗ್ಗೆ ಹೆಚ್ಚು ಗೊಂದಲವಿಲ್ಲ. ಮಹಿಳೆಯರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1990ರಲ್ಲಿ. ಆಮೇಲೆ ಅದು ವರ್ಷ ವರ್ಷ ನಡೆಯದೆ 1992, 1994, 1997ರಲ್ಲಷ್ಟೇ ನಡೆಯಿತು. ಆದ್ದರಿಂದ ಆ ಕಾಲದ ಆಟಗಾರ್ತಿಯರ ಪಂದ್ಯಗಳ ಸಂಖ್ಯೆಯನ್ನು ಇಂದಿನವರದರೊಂದಿಗೆ ಹೋಲಿಸುವುದು ನ್ಯಾಯವಲ್ಲ. ಆ ಮೂರೂ ಕೂಟಗಳಲ್ಲಿ ಫಿನ್ಲೆಂಡ್ ಕಂಚು ಗೆದ್ದಿತು. ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ನಡೆದ 1994ರ ಕೂಟದಲ್ಲಿ ನಿಯೆಮಿನೆನ್ 13 ಅಂಕಗಳೊಂದಿಗೆ ಎಲ್ಲರಿಗಿಂತ ಮುಂದಿದ್ದರು. ಈ ಆಟದಲ್ಲಿ ಗೋಲಿಗೆ ಒಂದು ಅಂಕ, ಗೋಲು ಹೊಡೆಯಲು ನೆರವಾದ ಪಾಸಿಗೂ ಒಂದು ಅಂಕ. ಇದೇ ವರ್ಷಗಳಲ್ಲಿ ಅವರು ಬ್ಯಾಂಡಿ ಮತ್ತು ಫಿನ್ಲೆಂಡಿನ ಬೇಸ್‌ಬಾಲ್ ಎನ್ನಬಹುದಾದ ಪೆಸಾಪಲ್ಲೊ ಆಟಗಳನ್ನೂ ಆಡುತ್ತಿದ್ದರು.

1998ರಲ್ಲಿ ಜಪಾನಿನ ನಾಗಾನೊದಲ್ಲಿ ಮಹಿಳೆಯರ ಐಸ್ ಹಾಕಿ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿತು. ಫಿನ್ಲೆಂಡ್ ಸ್ವೀಡನ್ನನ್ನು 6–0, ಜಪಾನನ್ನು 11–1ರಿಂದ ಸೋಲಿಸಿತು. ಕೆನಡಾ ಮತ್ತು ಅಮೆರಿಕಕ್ಕೆ 2–4ರಿಂದ ಸೋತಿತು. ಕಂಚಿನ ಪಂದ್ಯದಲ್ಲಿ ಚೀನಾವನ್ನು 4–1ರಿಂದ ಮಣಿಸಿತು. ಚಿನ್ನ ಅಮೆರಿಕಕ್ಕೆ, ಬೆಳ್ಳಿ ಕೆನಡಾಕ್ಕೆ ಹೋದವು. ಆದರೆ ಇಡೀ ಕೂಟದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಕಂಚು ಗೆದ್ದ ತಂಡದ ನಿಯೆಮಿನೆನ್: 7 ಗೋಲು, 5 ನೆರವು, ಒಟ್ಟು 12. ನಾಗಾನೊ ಕುರಿತ ಬರಹಗಳು ಬಹುಮಟ್ಟಿಗೆ ಅಮೆರಿಕ–ಕೆನಡಾ ಫೈನಲ್‌ನ ಸುತ್ತಲೇ ಸುತ್ತುವುದರಿಂದ ಈ ಅಂಕಕ್ಕೆ ತಕ್ಕ ಜಾಗ ಸಿಕ್ಕಿಲ್ಲ.

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಅವರಿದ್ದ ಫಿನ್ಲೆಂಡ್ ತಂಡ ನಾಲ್ಕನೆಯ ಸ್ಥಾನ ಪಡೆಯಿತು.

ಅದಾದ ಮೇಲೆ ಸುಮಾರು ಹತ್ತು ವರ್ಷ ರಾಷ್ಟ್ರೀಯ ತಂಡದ ಪಟ್ಟಿಗಳಲ್ಲಿ ಅವರ ಹೆಸರಿಲ್ಲ. ಅವರು ಮೂರು ಮಕ್ಕಳ ತಾಯಿಯಾದರು. ಆಡಳಿತದ ಮಟ್ಟಿಗೆ ಈ ಕಥೆ ಮುಗಿದಂತೆಯೇ ಇತ್ತು. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ 2010ರಲ್ಲಿ ಅವರನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿತು. ಅದಕ್ಕೆ ಎರಡು ವರ್ಷ ಮೊದಲು ಈ ಗೌರವ ಪಡೆದಿದ್ದ ಏಂಜೆಲಾ ಜೇಮ್ಸ್, ಜೆರಾಲ್ಡಿನ್ ಹೀನಿ, ಕ್ಯಾಮಿ ಗ್ರನಾಟೊ ಮೂವರೂ ಉತ್ತರ ಅಮೆರಿಕದವರು. ಯುರೋಪಿನ ಮಹಿಳೆಯರಲ್ಲಿ ಇವರೇ ಮೊದಲಿಗರು. ಫಿನ್ಲೆಂಡಿನ ಮಹಿಳಾ ಲೀಗ್ ತನ್ನ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಪ್ರಶಸ್ತಿಗೂ ರೀಕಾ ನಿಯೆಮಿನೆನ್ ಹೆಸರನ್ನೇ ಇಟ್ಟಿತು. ಸಾಮಾನ್ಯವಾಗಿ ಇಂಥ ಗೌರವಗಳು ಆಟ ಮುಗಿಸಿದವರಿಗೆ ಸಲ್ಲುತ್ತವೆ.

2013ರಲ್ಲಿ ಅವರು ಮತ್ತೆ ಸ್ಕೇಟ್ ಕಟ್ಟಿದರು. ಆಗ ವಯಸ್ಸು 40. ಹಲವು ಪರಿಚಯ ಬರಹಗಳು ಈ ಮರಳುವಿಕೆಯನ್ನು ಒಂದು ವಾಕ್ಯದ ಅಚ್ಚರಿಯಾಗಿ ಹೇಳಿ ಮುಂದೆ ಹೋಗುತ್ತವೆ. ಆದರೆ ಈ ಎರಡನೆಯ ಅವಧಿ ಆರು ವರ್ಷ ನಡೆಯಿತು: 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಐದನೆಯ ಸ್ಥಾನ, 2015 ಮತ್ತು 2017ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಕಂಚು, ಸ್ವೀಡನ್ನಿನ ಎಚ್‌ವಿ71 ಕ್ಲಬ್ಬಿನಲ್ಲಿ ಆಟ. ಇದನ್ನು ಮೊದಲ ಅವಧಿಯ ಅಡಿಟಿಪ್ಪಣಿ ಮಾಡಲಾಗದು.

2018ರ ಫೆಬ್ರುವರಿ 21ರಂದು ಪ್ಯೊಂಗ್‌ಚಾಂಗ್‌ನಲ್ಲಿ ಫಿನ್ಲೆಂಡ್, ರಷ್ಯಾದಿಂದ ಬಂದು ಒಲಿಂಪಿಕ್ ಧ್ವಜದಡಿ ಆಡಿದ ತಂಡವನ್ನು 3–2ರಿಂದ ಸೋಲಿಸಿ ಕಂಚು ಗೆದ್ದಿತು. ಆಗ ಅವರಿಗೆ 44 ವರ್ಷ 8 ತಿಂಗಳು. ಐಸ್ ಹಾಕಿಯಲ್ಲಿ ಒಲಿಂಪಿಕ್ ಪದಕ ಗೆದ್ದ ಅತಿ ಹಿರಿಯರೆಂಬ ದಾಖಲೆ ಅದುವರೆಗೆ ಅವರದೇ ದೇಶದ ಟೀಮು ಸೆಲಾನೆ ಹೆಸರಿನಲ್ಲಿತ್ತು. ಸೆಲಾನೆ 2014ರಲ್ಲಿ 43ರ ವಯಸ್ಸಿನಲ್ಲಿ ಕಂಚು ಪಡೆದಿದ್ದರು. ಈ ದಾಖಲೆಯನ್ನು ಮಹಿಳೆಯರ ವಿಭಾಗದ್ದೆಂದಷ್ಟೇ ಬರೆಯುವುದು ತಪ್ಪು. ಅದು ಪುರುಷರು, ಮಹಿಳೆಯರು ಇಬ್ಬರನ್ನೂ ಸೇರಿಸಿ ಬರುವ ದಾಖಲೆ. ಪಕ್ಕದಲ್ಲಿ ಆಡಿದ ಪೆಟ್ರಾ ನಿಯೆಮಿನೆನ್ ಹುಟ್ಟಿದ್ದು 1999ರಲ್ಲಿ, ನಾಗಾನೊ ಪದಕ ಬಂದ ಮೇಲೆ.

ಅತಿ ಹೆಚ್ಚು ವಾದಕ್ಕೆ ಒಳಗಾದದ್ದು ಕೊನೆಯ ಪಂದ್ಯ. 2019ರ ವಿಶ್ವ ಚಾಂಪಿಯನ್‌ಷಿಪ್ ಫಿನ್ಲೆಂಡಿನ ಎಸ್ಪೊದಲ್ಲಿ ನಡೆಯಿತು. 1990ರಿಂದ ಅಲ್ಲಿಯವರೆಗಿನ ಪ್ರತಿಯೊಂದು ಫೈನಲ್ ಕೆನಡಾ ಮತ್ತು ಅಮೆರಿಕದ ನಡುವೆಯೇ ಆಗಿತ್ತು. ಸೆಮಿಫೈನಲ್‌ನಲ್ಲಿ ಕೆನಡಾವನ್ನು 4–2ರಿಂದ ಸೋಲಿಸಿ ಫಿನ್ಲೆಂಡ್ ಆ ಸಾಲನ್ನು ಮುರಿಯಿತು. ಏಪ್ರಿಲ್ 14ರ ಫೈನಲ್ 1–1ರಲ್ಲಿ ನಿಂತು ಹೆಚ್ಚುವರಿ ಅವಧಿಗೆ ಹೋಯಿತು. ಪೆಟ್ರಾ ನಿಯೆಮಿನೆನ್ ಪಕ್ಕನ್ನು ಗೋಲಿನೊಳಗೆ ತಳ್ಳಿದರು. ತಂಡ ಮೈದಾನಕ್ಕೆ ನುಗ್ಗಿ ಸಂಭ್ರಮಿಸಿತು. ದೀರ್ಘ ವಿಡಿಯೊ ಪರಿಶೀಲನೆಯ ನಂತರ ಅಮೆರಿಕದ ಗೋಲ್‌ಕೀಪರ್ ಅಲೆಕ್ಸ್ ರಿಗ್ಸ್‌ಬಿಗೆ ಅಡ್ಡಿಯಾಯಿತೆಂದು ಗೋಲನ್ನು ರದ್ದುಪಡಿಸಲಾಯಿತು. ಅದೇ ಘಟನೆಯಲ್ಲಿ ಎದುರಾಳಿಯನ್ನು ಎಡವಿಸಿದ್ದಕ್ಕೆ ರಿಗ್ಸ್‌ಬಿಗೂ ಶಿಕ್ಷೆ ಆಯಿತು. ತಪ್ಪು ಗೋಲ್‌ಕೀಪರ್‌ದಾದರೆ ಗೋಲು ಏಕಿಲ್ಲ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ನಿಯಮದಂತೆಯೇ ತೀರ್ಪು ಬಂದಿದೆ ಎಂದು ಒಕ್ಕೂಟ ಬಳಿಕ ವಿವರಿಸಿತು. ಫಿನ್ಲೆಂಡಿನಲ್ಲಿ ಆ ವಿವರಣೆ ಅನೇಕರಿಗೆ ಒಪ್ಪಿಗೆಯಾಗಲಿಲ್ಲ. ಶೂಟ್‌ಔಟ್‌ನಲ್ಲಿ ಅಮೆರಿಕ ಗೆದ್ದಿತು.

ಫಿನ್ಲೆಂಡಿಗೆ ಈ ಕೂಟದಲ್ಲಿ ಸಿಕ್ಕ ಮೊದಲ ಬೆಳ್ಳಿ ಅದು. ಅದೇ ವರ್ಷ ಸಲ್ಲಿನೆನ್ ಎರಡನೆಯ ಬಾರಿ ನಿವೃತ್ತರಾದರು.