ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಪತ್ತೆಯಾಗುವ ಶ್ವಾಸಕೋಶದ ರಕ್ತಹೆಪ್ಪು: ಚಿಕಿತ್ಸೆ ಹಾಗೂ ಮುನ್ನೆಚ್ಚರಿಕೆ

ಪೀಠಿಕೆ

ಸಾಮಾನ್ಯವಾಗಿ ಕಾಲಿನ ಆಳವಾದ ಅಭಿಧಮನಿಗಳಲ್ಲಿ ಉಂಟಾದ ರಕ್ತದ ಹೆಪ್ಪು ಕಳಚಿಕೊಂಡು, ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ಅಪಧಮನಿಯಲ್ಲಿ ಸಿಲುಕಿಕೊಳ್ಳುವುದನ್ನು ಪಲ್ಮನರಿ ಎಂಬಾಲಿಸಂ ಎಂದು ಕರೆಯಲಾಗುತ್ತದೆ. ಉಸಿರಾಟದ ತೊಂದರೆ, ಎದೆನೋವು ಹಾಗೂ ಕಫದಲ್ಲಿ ರಕ್ತ ಇದರ ಮುಖ್ಯ ಲಕ್ಷಣಗಳು. ಆದರೆ ಬೇರೆ ಕಾರಣಕ್ಕಾಗಿ ಮಾಡಿಸಿದ ಸಿ.ಟಿ. ಸ್ಕ್ಯಾನ್‌ನಲ್ಲಿಯೂ ಇಂತಹ ಹೆಪ್ಪು ಕಂಡುಬರುವುದುಂಟು. ಕ್ಯಾನ್ಸರ್ ರೋಗಿಗಳಲ್ಲಿ ಇದು ಹೆಚ್ಚು. ರೋಗಿಗೆ ತೊಂದರೆ ಕಾಣದಿದ್ದರೂ ವರದಿಯನ್ನು ಕಡೆಗಣಿಸುವುದು ಅಪಾಯಕಾರಿ.

ಚಿಕಿತ್ಸೆ ಏಕೆ ಅಗತ್ಯ?

ಆಕಸ್ಮಿಕವಾಗಿ ಕಂಡ ಹೆಪ್ಪೂ ಮರುಕಳಿಸಬಲ್ಲದು. 2019ರಲ್ಲಿ ಪ್ರಕಟವಾದ, 695 ಕ್ಯಾನ್ಸರ್ ರೋಗಿಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಬಹುತೇಕರು ಚಿಕಿತ್ಸೆ ಪಡೆದಿದ್ದರೂ, ಒಂದು ವರ್ಷದೊಳಗೆ ಸುಮಾರು ಶೇ. 6ರಷ್ಟು ರೋಗಿಗಳಲ್ಲಿ ಹೆಪ್ಪು ಮರುಕಳಿಸಿತು. ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ರೋಗಿಗಳಲ್ಲಿ ತೀವ್ರ ರಕ್ತಸ್ರಾವವೂ ಉಂಟಾಯಿತು. ಆದುದರಿಂದ ಹೆಪ್ಪಿನ ಅಪಾಯ ಮತ್ತು ಔಷಧದ ಅಪಾಯ ಎರಡನ್ನೂ ತೂಗಿನೋಡಿ ವೈದ್ಯರು ನಿರ್ಧರಿಸುತ್ತಾರೆ.

ಯಾವ ಹೆಪ್ಪಿಗೆ ಚಿಕಿತ್ಸೆ?

1. ಮುಖ್ಯ ಅಪಧಮನಿ ಅಥವಾ ಅದರ ದೊಡ್ಡ ಕವಲುಗಳಲ್ಲಿ ಹೆಪ್ಪು ಇದ್ದಲ್ಲಿ, ಲಕ್ಷಣವಿರುವ ರೋಗಿಗಳಿಗೆ ನೀಡುವಂತೆಯೇ ಚಿಕಿತ್ಸೆ ನೀಡಲಾಗುತ್ತದೆ.
2. ಸಣ್ಣ ಕವಲುಗಳಲ್ಲಿ ಹಲವು ಹೆಪ್ಪುಗಳಿದ್ದಲ್ಲಿ ಅಥವಾ ಒಂದೇ ಹೆಪ್ಪಿನ ಜೊತೆಗೆ ಕಾಲಿನಲ್ಲಿಯೂ ಹೆಪ್ಪು ಇದ್ದಲ್ಲಿ, ಕ್ಯಾನ್ಸರ್ ರೋಗಿಗಳಿಗೆ ಇದೇ ಕ್ರಮವನ್ನು 2019ರ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿಯು ಶಿಫಾರಸು ಮಾಡಿದೆ.
3. ಸಣ್ಣ ಕವಲಿನಲ್ಲಿ ಒಂದೇ ಹೆಪ್ಪು ಇದ್ದಲ್ಲಿ, ಅದು ನಿಜವಾದ ಹೆಪ್ಪೇ ಎಂದು ರೇಡಿಯಾಲಜಿ ತಜ್ಞರಿಂದ ಖಚಿತಪಡಿಸಿಕೊಂಡು, ಎರಡೂ ಕಾಲುಗಳ ಡಾಪ್ಲರ್ ಪರೀಕ್ಷೆ ಮಾಡಲಾಗುತ್ತದೆ. ಕಾಲಿನಲ್ಲಿ ಹೆಪ್ಪು ಇಲ್ಲದೆ, ಕ್ಯಾನ್ಸರ್ ಮುಂತಾದ ಅಪಾಯಗಳೂ ಇಲ್ಲದಿದ್ದಲ್ಲಿ ಔಷಧವಿಲ್ಲದೆ ನಿಗಾ ಇರಿಸಬಹುದು.

ಚಿಕಿತ್ಸಾ ಕ್ರಮ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳೇ ಮುಖ್ಯ ಚಿಕಿತ್ಸೆ. ಇವು ಹೆಪ್ಪು ಬೆಳೆಯದಂತೆ ತಡೆಯುತ್ತವೆ; ಇರುವ ಹೆಪ್ಪನ್ನು ದೇಹವೇ ಕ್ರಮೇಣ ಕರಗಿಸುತ್ತದೆ. ಎನಾಕ್ಸಪಾರಿನ್ ಚುಚ್ಚುಮದ್ದು, ಅಪಿಕ್ಸಬಾನ್ ಹಾಗೂ ರಿವರಾಕ್ಸಬಾನ್ ಮಾತ್ರೆಗಳು ಬಳಕೆಯಲ್ಲಿವೆ. ಮಾತ್ರೆಗಳ ಪ್ರಮಾಣವು ಆರಂಭದಲ್ಲಿ ಹೆಚ್ಚಿರುತ್ತದೆ: ಅಪಿಕ್ಸಬಾನ್‌ಗೆ 7 ದಿನ, ರಿವರಾಕ್ಸಬಾನ್‌ಗೆ 21 ದಿನ. ವಾರ್ಫರಿನ್ ಸೇವಿಸುವವರು ನಿಯಮಿತವಾಗಿ ಐ.ಎನ್.ಆರ್. ರಕ್ತಪರೀಕ್ಷೆ ಮಾಡಿಸಿ ಅದನ್ನು 2ರಿಂದ 3ರೊಳಗೆ ಕಾಯ್ದುಕೊಳ್ಳಬೇಕು.

ಚಿಕಿತ್ಸೆಯ ಅವಧಿ ಕನಿಷ್ಠ 3 ತಿಂಗಳು. ಕ್ಯಾನ್ಸರ್ ರೋಗಿಗಳಿಗೆ ಸಾಮಾನ್ಯವಾಗಿ 6 ತಿಂಗಳು. ಕ್ಯಾನ್ಸರ್ ಸಕ್ರಿಯವಾಗಿರುವವರೆಗೂ ಮುಂದುವರಿಸಬೇಕಾಗಬಹುದು. ರಕ್ತದೊತ್ತಡ ಸ್ಥಿರವಾಗಿದ್ದಲ್ಲಿ ಅನೇಕರು ಮನೆಯಲ್ಲಿಯೇ ಚಿಕಿತ್ಸೆ ಪಡೆಯಬಹುದು.

ಗಮನಿಸಬೇಕಾದ ಅಂಶಗಳು

* ಕ್ಷಯರೋಗಕ್ಕೆ ನೀಡುವ ರಿಫಾಂಪಿಸಿನ್ ಮತ್ತು ಅಪಸ್ಮಾರಕ್ಕೆ ನೀಡುವ ಫೆನಿಟಾಯಿನ್, ಅಪಿಕ್ಸಬಾನ್ ಹಾಗೂ ರಿವರಾಕ್ಸಬಾನ್‌ನ ಪರಿಣಾಮವನ್ನು ಕುಗ್ಗಿಸುತ್ತವೆ. ಸೇವಿಸುತ್ತಿರುವ ಎಲ್ಲಾ ಔಷಧಗಳ ವಿವರವನ್ನು ವೈದ್ಯರಿಗೆ ತಿಳಿಸತಕ್ಕದ್ದು.
* ಜಠರ, ಕರುಳು, ಮೂತ್ರಕೋಶದ ಕ್ಯಾನ್ಸರ್ ಇರುವವರಲ್ಲಿ ಮಾತ್ರೆಗಳಿಂದ ರಕ್ತಸ್ರಾವದ ಸಂಭವ ಹೆಚ್ಚು.
* ಗರ್ಭಿಣಿಯರಿಗೆ ಈ ಮಾತ್ರೆಗಳು ಸೂಕ್ತವಲ್ಲ. ಹೆಪಾರಿನ್ ವರ್ಗದ ಚುಚ್ಚುಮದ್ದು ನೀಡಲಾಗುತ್ತದೆ.
* ಮೂತ್ರಪಿಂಡದ ಕಾರ್ಯಕ್ಷಮತೆ ಹಾಗೂ ಪ್ಲೇಟ್‌ಲೆಟ್ ಸಂಖ್ಯೆಯನ್ನು ಪರೀಕ್ಷಿಸುವುದು ಅವಶ್ಯ.
* ವೈದ್ಯರ ಸಲಹೆಯಿಲ್ಲದೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ನೋವಿನ ಮಾತ್ರೆಗಳನ್ನು ಸೇವಿಸಬಾರದು.
* ವಾರ್ಫರಿನ್ ಸೇವಿಸುವವರು ಸೊಪ್ಪನ್ನು ಬಿಡಬೇಕಿಲ್ಲ. ದಿನನಿತ್ಯದ ಪ್ರಮಾಣ ಒಂದೇ ರೀತಿಯಲ್ಲಿರಬೇಕು.
* ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಅಲ್ಲಾಳಸಂದ್ರ ಹಾಗೂ ಸುತ್ತಲಿನ ನಿವಾಸಿಗಳ ಗಮನಕ್ಕೆ

ಅಲ್ಲಾಳಸಂದ್ರ, ಯಲಹಂಕ, ಜಕ್ಕೂರು ಭಾಗದ ರೋಗಿಗಳು ಕ್ಯಾನ್ಸರ್ ಚಿಕಿತ್ಸೆಗಾಗಿ ನಗರದ ದಕ್ಷಿಣ ಭಾಗದಲ್ಲಿರುವ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದಲ್ಲಿ, ಮುಂದಿನ ಭೇಟಿಯ ದಿನಾಂಕ ವಾರಗಳ ನಂತರ ಇರಬಹುದು. ಸ್ಕ್ಯಾನ್ ವರದಿಯಲ್ಲಿ ‘ಎಂಬಾಲಿಸಂ’ ಅಥವಾ ‘ಥ್ರಾಂಬಸ್’ ಎಂಬ ಪದವಿದ್ದಲ್ಲಿ ಆ ದಿನಾಂಕದವರೆಗೆ ಕಾಯದೆ, ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಅದೇ ದಿನ ಸಂಪರ್ಕಿಸತಕ್ಕದ್ದು. ಸಂಪರ್ಕ ಸಾಧ್ಯವಾಗದಿದ್ದಲ್ಲಿ ವರದಿಯೊಂದಿಗೆ ಸಮೀಪದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವುದು ಸೂಕ್ತ. ಕಡಿಮೆ ಬೆಲೆಯ ಔಷಧಗಳ ಲಭ್ಯತೆಯನ್ನು ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬಹುದು.

ಹಠಾತ್ ಉಸಿರಾಟದ ತೊಂದರೆ, ಎದೆನೋವು, ಪ್ರಜ್ಞೆ ತಪ್ಪುವಿಕೆ, ಒಂದು ಕಾಲಿನ ಊತ, ಕಪ್ಪು ಮಲ, ರಕ್ತವಾಂತಿ ಅಥವಾ ತಲೆಗೆ ಪೆಟ್ಟು ಸಂಭವಿಸಿದಲ್ಲಿ ತಕ್ಷಣ 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡಿ, ಸೇವಿಸುತ್ತಿರುವ ಔಷಧದ ಹೆಸರನ್ನು ಸಿಬ್ಬಂದಿಗೆ ತಿಳಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.