ಶಸ್ತ್ರವೈದ್ಯ ಅನ್ಸಾರಿಯವರ ರಾಜಕಾರಣವೂ ಅದರ ವಿವಾದಗಳೂ

೧

ಭಾರತದ ಸ್ವಾತಂತ್ರ್ಯಾಂದೋಲನದ ಚರಿತ್ರೆಯಲ್ಲಿ ವಕೀಲರಿಗೆ ದೊರೆತಿರುವ ಪ್ರಾಧಾನ್ಯವು ವೈದ್ಯರಿಗೆ ದೊರೆತಿಲ್ಲ. ನ್ಯಾಯವಾದಿಯ ವಾಕ್ಪಟುತ್ವವು ಸಭೆಗೆ ಒದಗುವಂತೆ ಶಸ್ತ್ರವೈದ್ಯನ ಹಸ್ತಕೌಶಲವು ಒದಗಲಾರದೆಂಬುದು ಇದಕ್ಕೆ ಒಂದು ಕಾರಣವಾಗಿರಬಹುದು. ಆದರೂ ೧೯೨೭ನೆಯ ಇಸವಿಯಲ್ಲಿ ಮದರಾಸಿನ ಕಾಂಗ್ರೆಸ್ಸಿಗೆ ಅಧ್ಯಕ್ಷರಾದವರು ಕತ್ತರಿ ಹಿಡಿದ ಕೈಯ ಒಬ್ಬ ಶಸ್ತ್ರವೈದ್ಯರು. ಡಾಕ್ಟರ್ ಮುಖ್ತಾರ್ ಅಹಮದ್ ಅನ್ಸಾರಿಯವರ ಹೆಸರನ್ನು ಈಗ ದಿಲ್ಲಿಯ ಒಂದು ಬೀದಿಯೂ ಒಂದು ವಿಶ್ವವಿದ್ಯಾನಿಲಯದ ಕಟ್ಟಡಗಳೂ ಉಳಿಸಿಕೊಂಡಿವೆ. ಅವರ ವಿಚಾರಗಳನ್ನು ಮಾತ್ರ ಚರಿತ್ರಕಾರರಲ್ಲಿ ಕೆಲವರೇ ಪರಿಶೀಲಿಸಿದ್ದಾರೆ.

ಅವರ ಮೇಲೆ ಹೊರಿಸಲ್ಪಡುವ ಆಕ್ಷೇಪಗಳು ಮುಖ್ಯವಾಗಿ ಮೂರು. ಪರದೇಶದ ಖಲೀಫನಿಗಾಗಿ ಸ್ವದೇಶದ ರಾಜಕಾರಣದಲ್ಲಿ ಮತವನ್ನು ಬೆರೆಸಿದರೆಂಬುದು ಮೊದಲನೆಯದು. ತಮಗೆ ಒಪ್ಪಿಗೆಯಿಲ್ಲದ ಕಾರ್ಯಗಳಲ್ಲಿಯೂ ಗಾಂಧೀಜಿಯವರನ್ನು ಹಿಂಬಾಲಿಸಿದರೆಂಬುದು ಎರಡನೆಯದು. ಕೋಮುವಾರು ತೀರ್ಪಿನ ವಿಷಯದಲ್ಲಿ ಹೌದೆಂದೂ ಅಲ್ಲವೆಂದೂ ಹೇಳದೆ ಜಾರಿಕೊಂಡರೆಂಬುದು ಮೂರನೆಯದು. ಇವು ಎಷ್ಟರ ಮಟ್ಟಿಗೆ ನಿಲ್ಲತಕ್ಕವು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಅನ್ಸಾರಿಯವರು ೧೮೮೦ನೆಯ ಡಿಸೆಂಬರ್ ೨೫ರಂದು ಗಾಜೀಪುರ ಜಿಲ್ಲೆಯ ಯೂಸುಫ್‌ಪುರದಲ್ಲಿ ಜನಿಸಿದರು. ವೈದ್ಯವು ಆ ಮನೆಗೆ ಹೊಸತಲ್ಲ. ಹಕೀಮ್ ನಾಬೀನಾ ಎಂದು ಪ್ರಖ್ಯಾತರಾದ ಅವರ ಅಣ್ಣ ಅಬ್ದುಲ್ ವಹಾಬ್ ಅನ್ಸಾರಿಯವರು ಕಣ್ಣಿಲ್ಲದೆಯೇ ನಾಡಿಯನ್ನು ಹಿಡಿದು ರೋಗವನ್ನು ನಿರ್ಣಯಿಸುತ್ತಿದ್ದ ಯೂನಾನಿ ವೈದ್ಯರು. ತಮ್ಮನಾದರೋ ಪಾಶ್ಚಾತ್ಯ ಶಸ್ತ್ರಚಿಕಿತ್ಸೆಯ ಮಾರ್ಗವನ್ನು ಹಿಡಿದರು. ಹೈದರಾಬಾದಿನ ನಿಜಾಮ ಕಾಲೇಜಿನಲ್ಲಿ ಓದಿ, ನಿಜಾಮ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಎಡಿನ್‌ಬರೋ ನಗರಕ್ಕೆ ಹೋಗಿ, ವೈದ್ಯಪದವಿಯನ್ನು ಪಡೆದು, ಲಂಡನ್ನಿನ ಲಾಕ್ ಆಸ್ಪತ್ರೆಯಲ್ಲಿಯೂ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿಯೂ ಕೆಲಸಮಾಡಿದರು. ಭಾರತೀಯನೊಬ್ಬನಿಗೆ ಅಂತಹ ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯನ ಸ್ಥಾನವು ಸುಲಭವಾಗಿ ಸಿಕ್ಕುವ ಕಾಲವು ಅದಲ್ಲವೆಂಬುದನ್ನು ವಾಚಕರು ನೆನೆಯಬೇಕು. ೧೯೧೦ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ತರುವಾಯ ದಿಲ್ಲಿಯಲ್ಲಿ ನೆಲೆಸಿದರು. ಅಲ್ಪಕಾಲದಲ್ಲಿಯೇ ಸಂಸ್ಥಾನಿಕರು ಕೂಡ ಚಿಕಿತ್ಸೆಗಾಗಿ ಅವರನ್ನು ಅರಸಿಕೊಂಡು ಬರುವಂತಾಯಿತು.

ಅವರನ್ನು ಸಾರ್ವಜನಿಕ ಜೀವನಕ್ಕೆ ತಂದುದು ವೈದ್ಯವೃತ್ತಿಯೇ. ೧೯೧೨ರಲ್ಲಿ ಬಾಲ್ಕನ್ ಯುದ್ಧವು ಆರಂಭವಾದಾಗ ತುರ್ಕಿಯ ಗಾಯಾಳುಗಳ ಶುಶ್ರೂಷೆಗಾಗಿ ಒಂದು ವೈದ್ಯತಂಡವನ್ನು ಕಳುಹಿಸಬೇಕೆಂದು ಮೌಲಾನಾ ಮಹಮ್ಮದ್ ಅಲಿಯವರು ತಮ್ಮ ಪತ್ರಿಕೆಯ ಮೂಲಕ ಧನಸಂಗ್ರಹ ಮಾಡಿದರು. ಆ ತಂಡದ ನಾಯಕತ್ವವನ್ನು ವಹಿಸಿ ಅನ್ಸಾರಿಯವರು ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಬೊಂಬಾಯಿಯಿಂದ ಹಡಗನ್ನೇರಿ, ೧೯೧೩ರಲ್ಲಿ ಮರಳಿದರು. ಹೋಗುವಾಗ ವೈದ್ಯರಾಗಿದ್ದವರು ಬರುವಾಗ ಜನನಾಯಕರಾಗಿದ್ದರು.

೩

ಮೊದಲನೆಯ ಆಕ್ಷೇಪವನ್ನು ಈಗ ಪರಿಶೀಲಿಸೋಣ. ೧೯೧೮ರಲ್ಲಿ ದಿಲ್ಲಿಯ ಮುಸ್ಲಿಂ ಲೀಗಿನ ಅಧಿವೇಶನಕ್ಕೆ ಅನ್ಸಾರಿಯವರು ಸ್ವಾಗತಾಧ್ಯಕ್ಷರು. ಖಿಲಾಫತ್ತಿನ ಪರವಾಗಿ ಅವರು ಮಾಡಿದ ಭಾಷಣವನ್ನು ಸರಕಾರವು ನಿಷೇಧಿಸಿತು. ೧೯೨೦ನೆಯ ಜನವರಿಯಲ್ಲಿ ವೈಸರಾಯ್ ಚೆಲ್ಮ್‌ಸ್‌ಫರ್ಡರನ್ನು ಕಂಡ ನಿಯೋಗಕ್ಕೆ ಅವರೇ ಮುಂದಾಳು. ಅದೇ ವರ್ಷದ ಡಿಸೆಂಬರಿನಲ್ಲಿ ನಾಗಪುರದಲ್ಲಿ ಲೀಗಿನ ಅಧ್ಯಕ್ಷಪೀಠವನ್ನು ಅಲಂಕರಿಸಿದವರೂ ಅವರೇ. ಹೀಗೆ ಒಬ್ಬ ವ್ಯಕ್ತಿಯೇ ಲೀಗಿಗೂ ಕಾಂಗ್ರೆಸ್ಸಿಗೂ ಅಧ್ಯಕ್ಷನಾಗಬಹುದಾದ ಕಾಲವೊಂದು ಇದ್ದಿತೆಂಬುದು ಮುಂದಿನ ಪೀಳಿಗೆಯವರಿಗೆ ಆಶ್ಚರ್ಯಕರವಾಗಿ ತೋರುವುದು ಸಹಜ.

ಖಿಲಾಫತ್ತಿನ ಬೇಡಿಕೆಯು ಮತಮೂಲವಾದುದೆಂಬುದು ನಿರ್ವಿವಾದ. ೧೯೨೪ನೆಯ ಮಾರ್ಚಿಯಲ್ಲಿ ತುರ್ಕರೇ ಆ ಪೀಠವನ್ನು ಕಿತ್ತೊಗೆದಾಗ ಇಲ್ಲಿಯ ಆಂದೋಲನಕ್ಕೆ ಬುಡವೇ ಇಲ್ಲದಂತಾಯಿತು. ಆದರೆ ಆಂದೋಲನವು ಕುಸಿದಮೇಲೆ ಯಾರು ಯಾವ ದಿಕ್ಕಿಗೆ ನಡೆದರೆಂಬುದನ್ನೂ ನೋಡಬೇಕು. ಅನೇಕರು ಖಿಲಾಫತ್ತಿನಿಂದ ಕೋಮುರಾಜಕಾರಣಕ್ಕೆ ಇಳಿದರು. ಅನ್ಸಾರಿಯವರು ಅದರಿಂದ ಸಂಪೂರ್ಣ ರಾಷ್ಟ್ರೀಯತೆಗೆ ಏರಿದರು. ೧೯೨೭ರ ಮದರಾಸು ಕಾಂಗ್ರೆಸ್ಸು ಇದಕ್ಕೆ ಸಾಕ್ಷಿಯಾಗಿದೆ. ಸೈಮನ್ ಆಯೋಗದ ಬಹಿಷ್ಕಾರವೂ, ಜವಾಹರಲಾಲರು ಮಂಡಿಸಿದ ಪೂರ್ಣಸ್ವಾತಂತ್ರ್ಯದ ನಿರ್ಣಯವೂ, ಹಿಂದೂ ಮುಸಲ್ಮಾನರ ಐಕ್ಯದ ನಿರ್ಣಯವೂ ಅಂಗೀಕೃತವಾದುದು ಅಲ್ಲಿಯೇ. ಆದುದರಿಂದ ಖಿಲಾಫತ್ತಿನ ವಿಷಯದಲ್ಲಿ ಅವರನ್ನು ದೋಷಿಯೆನ್ನುವವರು ಅವರ ಜೀವನದ ಪೂರ್ವಾರ್ಧವನ್ನು ಮಾತ್ರ ಓದಿ ಪುಸ್ತಕವನ್ನು ಮುಚ್ಚಿದವರೆಂದು ಹೇಳಬೇಕಾಗುತ್ತದೆ.

ಈ ದಾರಿಗೆ ಅವರು ತೆತ್ತ ಬೆಲೆಯೂ ಅಲ್ಪವಲ್ಲ. ೧೯೨೮ರಲ್ಲಿ ಸರ್ವಪಕ್ಷ ಸಮ್ಮೇಳನದ ಅಧ್ಯಕ್ಷರಾಗಿ ಮೋತೀಲಾಲ ನೆಹರೂ ಅವರ ವರದಿಯನ್ನು ಅವರು ಎತ್ತಿಹಿಡಿದರು. ಆ ವರದಿಯು ಪ್ರತ್ಯೇಕ ಮತಕ್ಷೇತ್ರಗಳನ್ನು ತೆಗೆದುಹಾಕಬೇಕೆಂದು ಹೇಳಿತ್ತು. ಆ ವರ್ಷದ ಕೊನೆಯಲ್ಲಿ ಕಲ್ಕತ್ತೆಯಲ್ಲಿ ಸೇರಿದ ಸಮಾವೇಶದಲ್ಲಿ ಜಿನ್ನಾ ಅವರ ತಿದ್ದುಪಡಿಗಳು ಬಿದ್ದುಹೋದುವು. ಬಾಲ್ಕನ್ ತಂಡದ ಕಾಲದಿಂದ ಒಡನಾಡಿಗಳಾಗಿದ್ದ ಅಲಿ ಸಹೋದರರೂ ದೂರವಾದರು. ೧೯೨೯ರಲ್ಲಿ ಅನ್ಸಾರಿಯವರೂ ಅವರ ಮಿತ್ರರೂ ರಾಷ್ಟ್ರೀಯ ಮುಸಲ್ಮಾನರ ಪಕ್ಷವನ್ನು ಸ್ಥಾಪಿಸಿದರು. ಆ ಪಕ್ಷದಲ್ಲಿ ವಿದ್ವಾಂಸರಿದ್ದರು, ತ್ಯಾಗಿಗಳಿದ್ದರು. ಹಳ್ಳಿಹಳ್ಳಿಗೆ ಹೋಗಿ ಜನರನ್ನು ಒಗ್ಗೂಡಿಸುವ ವ್ಯವಸ್ಥೆ ಮಾತ್ರ ಇರಲಿಲ್ಲ. ಇದು ಆ ಪಕ್ಷದ ನಿಜವಾದ ನ್ಯೂನತೆ; ಇದನ್ನು ಮರೆಮಾಚಿ ಪ್ರಯೋಜನವಿಲ್ಲ.

೪

ಎರಡನೆಯ ಆಕ್ಷೇಪವು ಹೆಚ್ಚು ಸೂಕ್ಷ್ಮವಾದುದು. ಅಸಹಕಾರವು ನಿಂತುಹೋದಮೇಲೆ ೧೯೨೨ರಲ್ಲಿ ಕಾಂಗ್ರೆಸ್ಸು ನೇಮಿಸಿದ ವಿಚಾರಣಾ ಸಮಿತಿಯ ಆರು ಮಂದಿಯಲ್ಲಿ ಅನ್ಸಾರಿಯವರೊಬ್ಬರು. ಮೋತೀಲಾಲರು, ಹಕೀಮ್ ಅಜ್ಮಲ್ ಖಾನರು, ವಿಠಲಭಾಯಿ ಪಟೇಲರು ಶಾಸನಸಭಾಪ್ರವೇಶವನ್ನು ಬಯಸಿದರು; ರಾಜಗೋಪಾಲಾಚಾರ್ಯರು, ಕಸ್ತೂರಿರಂಗ ಅಯ್ಯಂಗಾರ್ಯರು, ಅನ್ಸಾರಿಯವರು ವಿರೋಧಿಸಿದರು. ಪರಮಮಿತ್ರರಾದ ಹಕೀಮರಿಗೆ ಪ್ರತಿಯಾಗಿ ಮತವನ್ನು ಕೊಟ್ಟವರು ಪರಬುದ್ಧಿಯಿಂದ ನಡೆಯುವವರೆಂದು ಹೇಳುವುದು ಹೇಗೆ?

೧೯೩೦ರ ಪ್ರಸಂಗವು ಇದಕ್ಕಿಂತಲೂ ಸ್ಪಷ್ಟವಾಗಿದೆ. ಉಪ್ಪಿನ ಸತ್ಯಾಗ್ರಹವು ಇನ್ನೂ ಆರಂಭವಾಗಿರಲಿಲ್ಲ. ಫೆಬ್ರುವರಿಯಲ್ಲಿ ಅನ್ಸಾರಿಯವರು ಗಾಂಧೀಜಿಯವರಿಗೆ ದೀರ್ಘವಾದ ಪತ್ರವೊಂದನ್ನು ಬರೆದು, ದೇಶವು ಅಂತಹ ಹೋರಾಟಕ್ಕೆ ಸಿದ್ಧವಾಗಿಲ್ಲವೆಂದು ಪ್ರತಿಪಾದಿಸಿದರು. ೧೯೨೦ರಲ್ಲಿ ಇದ್ದ ಸ್ಥಿತಿಯನ್ನೂ ೧೯೩೦ರಲ್ಲಿ ಇರುವ ಸ್ಥಿತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ಅಂದು ಹಿಂದೂ ಮುಸಲ್ಮಾನರಲ್ಲಿ ಐಕ್ಯವಿದ್ದಿತು, ಇಂದು ವೈಮನಸ್ಯವಿದೆ. ಈ ಮೂಲವ್ಯಾಧಿಯನ್ನು ಮೊದಲು ಗುಣಪಡಿಸಬೇಕೆಂಬುದೇ ಅವರ ವಾದದ ಸಾರ. ರೋಗಿಯ ಬಲಾಬಲವನ್ನು ನೋಡದೆ ಶಸ್ತ್ರವನ್ನು ಎತ್ತಬಾರದೆಂಬ ವೈದ್ಯನ ನಿಯಮವು ಈ ಪತ್ರದಲ್ಲಿ ಎದ್ದು ಕಾಣುತ್ತದೆ. ಗಾಂಧೀಜಿಯವರು ಆ ಸಮಸ್ಯೆಯ ಗುರುತ್ವವನ್ನು ಒಪ್ಪಿಕೊಂಡರೂ, ಅದನ್ನು ಬೇರೆ ಮಾರ್ಗದಿಂದ ಬಿಡಿಸಬೇಕೆಂದು ಉತ್ತರವಿತ್ತರು. ಇಬ್ಬರೂ ತಮ್ಮ ತಮ್ಮ ಅಭಿಪ್ರಾಯವನ್ನು ಬಿಡಲಿಲ್ಲ.

ಆದರೆ ಹೋರಾಟವು ಆರಂಭವಾದಮೇಲೆ ಅನ್ಸಾರಿಯವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಕಾರ್ಯಕಾರಿ ಸಮಿತಿಯ ಇತರರೊಡನೆ ದಿಲ್ಲಿಯಲ್ಲಿ ಬಂಧಿತರಾದರು. ಇದನ್ನೇ ಕೆಲವರು ದೌರ್ಬಲ್ಯವೆಂದು ಬಗೆದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಇದು ದೌರ್ಬಲ್ಯವಲ್ಲ. ಕಾರ್ಯಾರಂಭಕ್ಕೆ ಮುಂಚೆ ಭಿನ್ನಾಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಒಂದು ಧರ್ಮ. ಒಡನಾಡಿಗಳು ಸೆರೆಮನೆಗೆ ಹೋಗುತ್ತಿರುವಾಗ ತಾನು ಸುಖವಾಗಿರದಿರುವುದು ಇನ್ನೊಂದು ಧರ್ಮ. ಎರಡನ್ನೂ ಪಾಲಿಸಿದವರು ವಿರಳ.

ಅವರಿಬ್ಬರ ಸಂಬಂಧವು ಕೇವಲ ನಾಯಕ ಅನುಯಾಯಿಗಳ ಸಂಬಂಧವೂ ಅಲ್ಲ. ೧೯೨೪ರಲ್ಲಿ ದಿಲ್ಲಿಯಲ್ಲಿಯೂ ೧೯೩೩ರಲ್ಲಿ ಪುಣೆಯಲ್ಲಿಯೂ ಗಾಂಧೀಜಿಯವರು ಇಪ್ಪತ್ತೊಂದು ದಿನಗಳ ಉಪವಾಸವನ್ನು ಕೈಕೊಂಡಾಗ ಬಳಿಯಿದ್ದು ನೋಡಿಕೊಂಡ ವೈದ್ಯರಲ್ಲಿ ಅನ್ಸಾರಿಯವರೊಬ್ಬರು. ೧೯೩೧ರಲ್ಲಿ ಅರ್ವಿನ್ನರೊಡನೆ ಸಂಧಾನವು ನಡೆದಾಗ ಗಾಂಧೀಜಿಯವರು ಇಳಿದುಕೊಂಡಿದ್ದುದು ದರಿಯಾಗಂಜಿನ ಅನ್ಸಾರಿಯವರ ಮನೆಯಲ್ಲಿಯೇ. ಅದೇ ವರ್ಷ ದುಂಡುಮೇಜಿನ ಪರಿಷತ್ತಿಗೆ ಅವರೂ ಬರಬೇಕೆಂದು ಗಾಂಧೀಜಿಯವರು ಹಟಹಿಡಿದರು. ವೈಸರಾಯ್ ವಿಲ್ಲಿಂಗ್ಡನ್ನರು ಒಪ್ಪಲಿಲ್ಲ. ಮುಸಲ್ಮಾನರೆಲ್ಲರದೂ ಒಂದೇ ಅಭಿಪ್ರಾಯವೆಂದು ಲಂಡನ್ನಿನಲ್ಲಿ ತೋರಿಸಬೇಕಾಗಿದ್ದ ಸರಕಾರಕ್ಕೆ, ಸಂಯುಕ್ತ ಮತಕ್ಷೇತ್ರವನ್ನು ಬೇಡುವ ಒಬ್ಬ ಮುಸಲ್ಮಾನನ ಇರವೇ ಅನನುಕೂಲವಾಗಿದ್ದಿತೆಂದು ಊಹಿಸಬಹುದು.

೫

ಮೂರನೆಯದು ಕೋಮುವಾರು ತೀರ್ಪಿನ ವಿಷಯ. ೧೯೩೨ನೆಯ ಆಗಸ್ಟ್ ೧೬ರಂದು ಹೊರಬಿದ್ದ ಆ ತೀರ್ಪು ಪ್ರತ್ಯೇಕ ಮತಕ್ಷೇತ್ರಗಳನ್ನು ಉಳಿಸಿತು. ೧೯೩೪ರಲ್ಲಿ ಅನ್ಸಾರಿಯವರ ಮನೆಯಲ್ಲಿ ಕಾಂಗ್ರೆಸ್ಸಿಗರು ಸೇರಿ, ಮತ್ತೆ ಚುನಾವಣೆಗೆ ನಿಲ್ಲಬೇಕೆಂದು ನಿಶ್ಚಯಿಸಿದರು. ಹಿಂದೆ ಶಾಸನಸಭಾಪ್ರವೇಶವನ್ನು ವಿರೋಧಿಸಿದ್ದವರೇ ಈಗ ಕಾಂಗ್ರೆಸ್ಸಿನ ಪಾರ್ಲಿಮೆಂಟರಿ ಮಂಡಲಿಗೆ ಅಧ್ಯಕ್ಷರಾದರು. ತೀರ್ಪನ್ನು ಅಂಗೀಕರಿಸುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ ಎಂದು ಕಾರ್ಯಕಾರಿ ಸಮಿತಿಯು ಜೂನ್ ತಿಂಗಳಲ್ಲಿ ನಿರ್ಣಯಿಸಿತು. ಮದನಮೋಹನ ಮಾಳವೀಯರೂ ಅಣೆಯವರೂ ಇದನ್ನು ಸಹಿಸದೆ ಹೊರಬಂದು ಬೇರೆ ಪಕ್ಷವನ್ನು ಕಟ್ಟಿದರು.

ತರ್ಕದ ದೃಷ್ಟಿಯಿಂದ ಆ ನಿರ್ಣಯವು ದುರ್ಬಲವೆಂಬುದನ್ನು ಒಪ್ಪಲೇಬೇಕು. ಜೀವಮಾನದುದ್ದಕ್ಕೂ ಸಂಯುಕ್ತ ಮತಕ್ಷೇತ್ರಕ್ಕಾಗಿ ವಾದಿಸಿದವರು ಅದರ ವೈರಿಯನ್ನು ಕಂಡೂ ಮೌನವಾಗಿರುವುದು ವಿಪರೀತವಾಗಿ ತೋರುತ್ತದೆ. ಆದರೆ ಅನ್ಸಾರಿಯವರ ಸಂಕಟವನ್ನು ತಿಳಿಯಬೇಕು. ಹಿಂದೂಗಳು ಬಹುಸಂಖ್ಯಾತರಾಗಿರುವ ಸಂಸ್ಥೆಯೊಂದು ತೀರ್ಪನ್ನು ತಿರಸ್ಕರಿಸಿದರೆ, ಕಾಂಗ್ರೆಸ್ಸು ಮುಸಲ್ಮಾನರಿಗೆ ಶತ್ರುವೆಂಬ ಅಪವಾದಕ್ಕೆ ತಾನೇ ಸಾಕ್ಷ್ಯವನ್ನು ಒದಗಿಸಿದಂತಾಗುತ್ತಿದ್ದಿತು. ಸಮುದಾಯಗಳ ಪರಸ್ಪರ ಒಪ್ಪಂದದಿಂದಲ್ಲದೆ ಆ ವ್ಯವಸ್ಥೆಯು ಹೋಗಲಾರದೆಂಬುದೇ ಅವರ ಪಕ್ಷ. ಗುಂಡಿಗೆಯ ಬಳಿ ಹೊಕ್ಕ ಗುಂಡನ್ನು ಕೀಳುವುದಕ್ಕಿಂತ ಒಳಗೇ ಬಿಡುವುದು ಲೇಸೆಂದು ಶಸ್ತ್ರವೈದ್ಯನು ಕೆಲವು ವೇಳೆ ನಿರ್ಧರಿಸುವುದುಂಟು. ಆದರೆ ಹಾಗೆ ಬಿಟ್ಟ ಗುಂಡು ಮುಂದೆ ವಿಷವಾಗುವುದೂ ಉಂಟು. ೧೯೪೭ರ ವಿಭಜನೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

೬

ಇಷ್ಟರಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ರಾಜಕಾರಣದಲ್ಲಿ ಇಷ್ಟೊಂದು ಜಾಗರೂಕರಾದ ಇವರು ಸ್ವಂತ ವೃತ್ತಿಯಲ್ಲಿ ಸಾಹಸಪ್ರಿಯರು. ಪ್ಯಾರಿಸಿನಲ್ಲಿ ವೊರೊನಾಫನು ಕಪಿಯ ವೃಷಣಗ್ರಂಥಿಯ ಚೂರುಗಳನ್ನು ಮನುಷ್ಯರಿಗೆ ಕಸಿಮಾಡಿ ಯೌವನವನ್ನು ಮರಳಿ ತರಬಹುದೆಂದು ಪ್ರಚಾರಮಾಡಿದ ಕಾಲವದು. ಅನ್ಸಾರಿಯವರು ಯೂರೋಪಿನಲ್ಲಿ ಆ ವಿಧಾನವನ್ನು ಅಭ್ಯಾಸಮಾಡಿ, ದಿಲ್ಲಿಯಲ್ಲಿ ತಾವೇ ಅಂತಹ ಚಿಕಿತ್ಸೆಗಳನ್ನು ನಡೆಸಿ, ೧೯೩೫ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅನ್ಯಪ್ರಾಣಿಯ ಅಂಗಾಂಶವನ್ನು ದೇಹವು ಹೊರದೂಡುತ್ತದೆಂಬುದು ಈಗ ಸರ್ವವಿದಿತ. ಆ ಚಿಕಿತ್ಸೆಯನ್ನು ವೈದ್ಯಶಾಸ್ತ್ರವು ಕೈಬಿಟ್ಟಿದೆ. ದೈವಯೋಗದಿಂದ ಅದೇ ೧೯೩೫ರಲ್ಲಿಯೇ ಯೂರೋಪಿನ ರಸಾಯನಶಾಸ್ತ್ರಜ್ಞರು ಆ ಗ್ರಂಥಿಯ ಸಾರವಾದ ಟೆಸ್ಟೊಸ್ಟಿರೋನನ್ನು ಬೇರ್ಪಡಿಸಿದರು. ಕಸಿಯ ಅಗತ್ಯವೇ ಉಳಿಯಲಿಲ್ಲ. ರಾಜಕಾರಣದಲ್ಲಿ ಪ್ರಮಾಣವನ್ನು ಕೇಳುತ್ತಿದ್ದವರು ಶಸ್ತ್ರಶಾಲೆಯಲ್ಲಿ ಆಸೆಗೆ ಎಡೆಗೊಟ್ಟರೆಂಬುದು ಅವರ ಜೀವನದ ವ್ಯಂಗ್ಯ.

ಅವರ ಶಾಶ್ವತವಾದ ಕೃತಿಯೆಂದರೆ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ವಿದ್ಯಾಪೀಠ. ೧೯೨೦ರಲ್ಲಿ ಅಲೀಗಢದಲ್ಲಿ ಹುಟ್ಟಿ, ೧೯೨೫ರಲ್ಲಿ ದಿಲ್ಲಿಗೆ ಬಂದ ಈ ಸಂಸ್ಥೆಯು ಹಕೀಮ್ ಅಜ್ಮಲ್ ಖಾನರ ಮರಣದಿಂದ ಅನಾಥವಾದಾಗ, ೧೯೨೮ರಲ್ಲಿ ಅದರ ಕುಲಪತಿತ್ವವನ್ನು ವಹಿಸಿ ಕೊನೆಯವರೆಗೂ ಸಲಹಿದರು. ತುರ್ಕಿಯ ಪ್ರಸಿದ್ಧ ಲೇಖಕಿ ಹಾಲಿದೆ ಎದೀಬ್ ಅವರನ್ನು ೧೯೩೫ರಲ್ಲಿ ಉಪನ್ಯಾಸಗಳಿಗಾಗಿ ಅಲ್ಲಿಗೆ ಕರೆಸಿದವರೂ ಇವರೇ. ೧೯೩೬ನೆಯ ಮೇ ೧೦ರಂದು ಮಸ್ಸೂರಿಯಿಂದ ದಿಲ್ಲಿಗೆ ಹಿಂದಿರುಗುವಾಗ ರೈಲಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಅವರ ಸಮಾಧಿಯು ಜಾಮಿಯಾದ ಆವರಣದಲ್ಲಿಯೇ ಇದೆ.

ಸಂಗ್ರಹಿಸಿ ಹೇಳುವುದಾದರೆ, ಮೂರು ಆಕ್ಷೇಪಗಳಲ್ಲಿ ಮೊದಲನೆಯದು ಅರ್ಧಸತ್ಯ, ಎರಡನೆಯದು ನಿರಾಧಾರ, ಮೂರನೆಯದು ಸಾಧಾರ. ಆದರೆ ಅವರ ಪಕ್ಷವು ಸೋತಿತಾದುದರಿಂದ ಅವರ ಅಭಿಪ್ರಾಯವೇ ತಪ್ಪೆಂದು ಸಾಧಿಸುವುದು ಚರಿತ್ರೆಯ ನ್ಯಾಯವಲ್ಲ; ರೋಗಿಯು ಸತ್ತನೆಂಬ ಮಾತ್ರಕ್ಕೆ ನಿದಾನವು ಸುಳ್ಳಾಗುವುದಿಲ್ಲ. ೧೯೩೦ರ ಪತ್ರದಲ್ಲಿ ಅವರು ತೋರಿಸಿದ ವ್ಯಾಧಿಯು ಹದಿನೇಳು ವರ್ಷಗಳ ತರುವಾಯ ದೇಶವನ್ನು ಸೀಳಿತು. ಗೆದ್ದವರ ಭಾಷಣಗಳನ್ನು ಪಾಠವಾಗಿ ಹೇಳುವ ಅಧ್ಯಾಪಕರು ಆ ಪತ್ರವನ್ನೂ ಒಮ್ಮೆ ವಿದ್ಯಾರ್ಥಿಗಳ ಮುಂದಿಟ್ಟರೆ, ಆ ಕಾಲದ ಇತಿಹಾಸವು ಅವರಿಗೆ ಹೆಚ್ಚು ಯಥಾರ್ಥವಾಗಿ ಕಂಡೀತು.